ರವಿಕೆ ಕಣದ ಪ್ರೊಫೆಸರ್

ಕಿಲೆಲೆಶ್ವಾ, ನೈರೋಬಿ
೨೬ ಜೂನ್ ೨೦೧೬, ಭಾನುವಾರ

ಪ್ರೀತಿಯ ಅನು,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದದ್ದು ಯುಗಾದಿಯ ಹೊತ್ತಿಗೆ. ಈಗ ಕಾರಹುಣ್ಣಿಮೆಯೂ ಕಳೆಯಿತು. ನಾನು ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಕಳಿಸಿ ಜಾರಿಕೊಂಡೆ ಎಂದು ನೀನು ಚಿನ್ಮಯಿಯ ಹತ್ತಿರ ಗೊಣಗಿದೆಯಂತೆ. ನಿನ್ನ ಮಗಳು ನನ್ನ ಮಗಳಿಗೆ ಹೇಳಿದಳು. ನನ್ನ ಮಗಳು ಊಟಕ್ಕೆ ಕೂತಾಗ "ಅಮ್ಮಾ, ಅನು ಆಂಟಿ ಈಸ್ ವೆರಿ ಅಪ್‌ಸೆಟ್" ಎಂದು ತೀರ್ಪು ಓದಿದಳು. ತಪ್ಪು ನನ್ನದೇ. ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿನ ಬಿಸಿನೀರು ಹಂಚಿಕೊಂಡವಳಿಗೆ ಹೆಬ್ಬೆರಳು ತೋರಿಸಬಾರದಿತ್ತು.

ಆದರೆ ಕಾರಣ ಕೇಳಿದರೆ ನೀನೇ ಕುಣಿಯುತ್ತೀಯೆ. ನಿನ್ನ ಗೆಳತಿ ಈಗ ಪ್ರೊಫೆಸರ್ ಕಣೇ! ಪಾರ್ಟ್‌ಟೈಮೂ ಅಲ್ಲ, ಅಸೋಸಿಯೇಟೂ ಅಲ್ಲ, "ಮಿಸೆಸ್ ಅನಂತರಾಮ್ ಕೂಡ ಏನೋ ಪಾಠ ಮಾಡ್ತಾರಂತೆ" ಎಂಬುದಂತೂ ಅಲ್ಲವೇ ಅಲ್ಲ. ರಾಜ್ಯಶಾಸ್ತ್ರದ ಪೂರ್ತಿ ಪ್ರೊಫೆಸರ್. ಇಲ್ಲಿ ಹಾಗೆ ಆದವರು ಊರನ್ನೆಲ್ಲ ಕರೆದು, ಗೌನು ತೊಟ್ಟು, ಒಂದು ದೊಡ್ಡ ಉಪನ್ಯಾಸ ಕೊಡಬೇಕು. ಆಗಲೇ ಪಟ್ಟ ಕಟ್ಟಿದಂತೆ. ಮೊನ್ನೆ ಗುರುವಾರ ನನ್ನದಾಯಿತು. ಅದರ ಗಡಿಬಿಡಿಯಲ್ಲಿ ಕಾಗದ ತಡವಾಯಿತು. ಇದನ್ನು ಡಾಕ್ಟರ್ ವಿಶ್ವನಾಥ್ ಕೈಯಲ್ಲಿ ಕಳಿಸುತ್ತಿದ್ದೇನೆ. ಇಲ್ಲಿನ ಸೌತ್ ಬಿ ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟಿರುವ ನಮ್ಮ ಕಡೆಯವರು, ಮಂಗಳವಾರ ರಜೆಯ ಮೇಲೆ ಬರುತ್ತಾರೆ.

ಉಪನ್ಯಾಸಕ್ಕೆ ಮುಂಚೆ ನಮ್ಮ ವಿಭಾಗದ ಸೆಕ್ರೆಟರಿ ಗ್ರೇಸ್ ಬಂದು, ವೆಬ್‌ಸೈಟಿಗೆ ನನ್ನ ಪರಿಚಯ ಬೇಕು, ಹಿನ್ನೆಲೆ, ಸಂಶೋಧನೆಯ ಆಸಕ್ತಿ, ವೈಯಕ್ತಿಕ ಜೀವನ ಎಲ್ಲ ಸೇರಿ ಒಂದೇ ಪುಟ ಎಂದಳು. "ಮ್ವಾಲಿಮು, ಅದಕ್ಕಿಂತ ಜಾಸ್ತಿ ಯಾರೂ ಓದಲ್ಲ" ಎಂದು ಬುದ್ಧಿಯನ್ನೂ ಹೇಳಿದಳು. ಮ್ವಾಲಿಮು ಎಂದರೆ ಇಲ್ಲಿ ಮೇಷ್ಟ್ರು. ಯಾವ ಪಟ್ಟ ಕಟ್ಟಿದರೂ ಗ್ರೇಸ್ ಪಾಲಿಗೆ ನಾನು ಮೇಷ್ಟ್ರೇ, ಅದು ನನಗೆ ಇಷ್ಟವೂ ಹೌದು.

ಹಿನ್ನೆಲೆಯ ಜಾಗದಲ್ಲಿ ಡಿಗ್ರಿಗಳನ್ನು ತುಂಬಿಕೊಟ್ಟೆ. ನಿಜವಾದ ಹಿನ್ನೆಲೆ ನಿನಗೆ ಗೊತ್ತು. ಗುಂಡ್ಲುಪೇಟೆಯಲ್ಲಿ ನಮ್ಮಪ್ಪ ಶ್ರೀನಿವಾಸಮೂರ್ತಿ ಮೇಷ್ಟ್ರಿಗೆ ಯಾವ ಚುನಾವಣೆ ಬಂದರೂ ಡ್ಯೂಟಿ ಬೀಳುತ್ತಿತ್ತು. ಮತಪೆಟ್ಟಿಗೆಗೆ ಸೀಲು ಹಾಕುವುದು ತಪ್ಪೀತೆಂದು ಹಿಂದಿನ ದಿನ ಮನೆಯಲ್ಲೇ ತಾಲೀಮು ಮಾಡುತ್ತಿದ್ದರು. ಅಮ್ಮನ ಸಾರಿನಪುಡಿ ಡಬ್ಬಕ್ಕೆ ದಾರ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ, ಹಳೆಯ ನಾಣ್ಯದಿಂದ ಮುದ್ರೆ ಒತ್ತುವುದು. ಮೇಣದ ಬತ್ತಿ ಹಿಡಿಯುವ ಕೆಲಸ ನನ್ನದು. ಬೆಳಿಗ್ಗೆ ಅಮ್ಮ ಡಬ್ಬ ತೆಗೆಯಲು ಹೋದರೆ "ಏಜೆಂಟ್ರು ಇಲ್ಲದೆ ಒಡೀಬಾರದು" ಎಂದು ಅಡ್ಡ ನಿಲ್ಲುತ್ತಿದ್ದರು. ಆ ದಿನ ನಮ್ಮ ಮನೆಯಲ್ಲಿ ಬರಿ ಮೊಸರನ್ನ. ನಾನು ರಾಜ್ಯಶಾಸ್ತ್ರ ಓದಲು ಬೇರೆ ಪ್ರೇರಣೆ ಯಾವುದೂ ಇರಲಿಲ್ಲ.

ಸಂಶೋಧನೆಯ ಕಥೆ ಸ್ವಲ್ಪ ಉದ್ದ. ನಮ್ಮಲ್ಲಿ ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿಗೆ ಹೆಂಗಸರು ಮೀಸಲಾತಿಯಲ್ಲಿ ಆರಿಸಿ ಬಂದರಲ್ಲ, ನೀನೂ ನಾನೂ ಬಸ್ಸಿನಲ್ಲಿ ಊರೂರು ಅಲೆದು ಅವರನ್ನು ಮಾತಾಡಿಸಿದೆವು. ಆರಿಸಿ ಬಂದವಳು ಒಳಗೆ ಕಾಫಿ ಸೋಸುತ್ತಿದ್ದಳು, ಗಂಡ ಜಗುಲಿಯ ಮೇಲೆ "ಕೇಳಿ ಮೇಡಂ, ನಾನೇ ಹೇಳ್ತೀನಿ" ಎನ್ನುತ್ತಿದ್ದ. ಆ ಥೀಸಿಸ್ ನನ್ನ ಜೊತೆ ಟ್ರಂಕಿನಲ್ಲಿ ಕಠ್ಮಂಡುವಿಗೆ ಹೋಯಿತು, ಲುಸಾಕಾಕ್ಕೆ ಹೋಯಿತು. ಅನಂತರಾಮ್ ಅಂತರರಾಷ್ಟ್ರೀಯ ಸಂಸ್ಥೆಯ ಕುಡಿಯುವ ನೀರಿನ ಇಂಜಿನಿಯರು. ಅವರ ನೀರು ಹರಿದ ಕಡೆ ನನ್ನ ಟ್ರಂಕೂ ತೇಲಿತು. ಎರಡು ಕಡೆ ಒಳ್ಳೆಯ ಕೆಲಸ ಬಿಟ್ಟೆ. ಥೀಸಿಸ್ ಮುಗಿಸಿದ್ದು ಲುಸಾಕಾದಲ್ಲಿ, ಪ್ರಾರ್ಥನಾ ಹೊಟ್ಟೆಯಲ್ಲಿದ್ದಾಗ.

ನೈರೋಬಿಗೆ ಬಂದ ಮೇಲೆ ಅದೃಷ್ಟ ಖುಲಾಯಿಸಿತು. ಈ ದೇಶದವರು ಹೊಸ ಸಂವಿಧಾನ ಬರೆದುಕೊಂಡರು, ದೇಶವನ್ನು ಕೌಂಟಿಗಳಾಗಿ ಹಂಚಿ ಪ್ರತಿಯೊಂದಕ್ಕೂ ಒಂದು ಸಭೆ ಮಾಡಿದರು, ಹೆಂಗಸರ ಸಂಖ್ಯೆ ಕಡಿಮೆಯಾದರೆ ನಾಮಕರಣ ಮಾಡಿ ತುಂಬಬೇಕೆಂದು ಬರೆದರು. ಹಾಗೆ ಬಂದವರನ್ನು ಗಂಡಸರು "ಹೂವಿನ ಹುಡುಗಿಯರು" ಎಂದು ಆಡಿಕೊಂಡರು, ಮದುವೆಯಲ್ಲಿ ವಧುವಿನ ಮುಂದೆ ಹೂ ಹಿಡಿದು ನಡೆಯುತ್ತಾರಲ್ಲ, ಹಾಗೆ ಬರಿ ಅಲಂಕಾರಕ್ಕೆ ಎಂದು. ನನಗೆ ಜಗುಲಿಯ ಮೇಲಿನ ಗಂಡ ಇಲ್ಲಿಗೂ ಬಂದ ಹಾಗಾಯಿತು. ಕುರ್ಚಿ ಸಿಕ್ಕಿದ ಹೆಂಗಸಿಗೆ ಮಾತು ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಹುಡುಕುತ್ತ ಮಟಾಟು ಹತ್ತಿದವಳು ಇನ್ನೂ ಇಳಿದಿಲ್ಲ. ಆ ವ್ಯಾನುಗಳಲ್ಲಿ ಪಾಟು ಪಡುವುದು ನಮ್ಮ ಗುಂಡ್ಲುಪೇಟೆಯ ಟೆಂಪೋದಲ್ಲಿ ಪಟ್ಟಷ್ಟೇ, ಹಾಡಿನ ಸದ್ದು ಮಾತ್ರ ಜಾಸ್ತಿ.

ಈಗ ನನ್ನ ದೊಡ್ಡ ಪೆದ್ದುತನಕ್ಕೆ ಬರುತ್ತೇನೆ. ನಗಬೇಡ.

ಹೋದ ವರ್ಷ ಆಗಸ್ಟಿನಲ್ಲಿ ಮಚಾಕೋಸ್ ಕಡೆಯ ಒಂದು ಊರಿಗೆ ಹೋಗಿದ್ದೆ. ಅಲ್ಲಿ ಜೋಸೆಫಿನ್ ಮ್ವೆಂಡೆ ಎಂಬಾಕೆ ಕೌಂಟಿ ಸಭೆಯ ನಾಮಕರಣ ಸದಸ್ಯೆ. ಮೊದಲು ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದರು, ದೊಡ್ಡ ಆಳು, ದೊಡ್ಡ ನಗು. ಮಾವಿನ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರನ್ನು ಕೂಡಿಸಿ, ನನಗೆ ಚಹಾ ಕೊಟ್ಟು, ಬೇಯಿಸಿದ ಜೋಳ ಕೊಟ್ಟು, ಸಂಜೆಯವರೆಗೆ ಮನಸ್ಸು ಬಿಚ್ಚಿ ಮಾತಾಡಿದರು. ಎದ್ದು ಹೊರಡುವಾಗ ನನ್ನೊಳಗಿನ ಗುಂಡ್ಲುಪೇಟೆ ಎದ್ದು ಕೂತಿತು. ಇಷ್ಟು ಹೊತ್ತು ಜೊತೆಗೆ ಕೂತ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಪ್ರತಿ ಸಲ ಊರಿಗೆ ಬಂದಾಗ ನೀವೆಲ್ಲ ಮಡಿಲಿಗೆ ಹಾಕಿದ ರವಿಕೆ ಕಣಗಳು ನನ್ನ ಹತ್ತಿರ ರಾಶಿ ಬಿದ್ದಿದ್ದವು. ಒಂದು ಚೀಲ ತುಂಬ ಒಯ್ದಿದ್ದೆ. ಕುಂಕುಮ ಕೊಡಲು ಧೈರ್ಯ ಬರಲಿಲ್ಲ. ಬಾಳೆಹಣ್ಣಿನ ಜೊತೆ ಒಬ್ಬೊಬ್ಬರಿಗೆ ಒಂದೊಂದು ಕಣ ಕೊಟ್ಟು, ಕೈಮುಗಿದು, ಭಾರೀ ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮನೆಗೆ ಬಂದೆ.

ಆ ವಾರ್ಡಿನಲ್ಲಿ ಮುಂದಿನ ತಿಂಗಳೇ ಉಪಚುನಾವಣೆ ಇತ್ತು. ಇಲ್ಲಿ ಚುನಾವಣೆಗೆ ನಿಂತವರು ಹೆಂಗಸರಿಗೆ ಬಟ್ಟೆ ಹಂಚುವುದು, ಇವರು ಸೊಂಟಕ್ಕೆ ಸುತ್ತಿಕೊಳ್ಳುವ ಲೆಸೊ ಎಂಬ ಹೂವಿನ ಬಟ್ಟೆ, ಎಲ್ಲರಿಗೂ ಗೊತ್ತಿರುವ ವ್ಯವಹಾರ. ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಚುನಾವಣೆಯ ಆಮಿಷಗಳ ಬಗ್ಗೆ ಲೇಖನ ಬರೆದು ಹೆಸರು ಮಾಡಿದವಳು ನಾನು. "ಮುಹಿಂದಿ ಪ್ರೊಫೆಸರ್ ಒಬ್ಬಳು ಬಟ್ಟೆ ಹಂಚ್ತಿದಾಳೆ, ಯಾವ ಪಾರ್ಟಿಯವಳು?" ಎಂದು ಊರು ಗುಲ್ಲಾಯಿತು. ಮುಹಿಂದಿ ಎಂದರೆ ನಾವು, ಇಂಡಿಯಾದವರು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದು ವಿಶ್ವವಿದ್ಯಾಲಯಕ್ಕೆ ದೂರು ಕಳಿಸಿದರು. ಎರಡೂ ಕೈಯಲ್ಲಿ ಬಟ್ಟೆ ಚಾಚಿ ಹಲ್ಲು ಬಿಟ್ಟು ನಿಂತಿದ್ದೇನೆ ಅನು, ಗೆಲ್ಲುವ ಅಭ್ಯರ್ಥಿ ಕೂಡ ಅಷ್ಟು ಚೆನ್ನಾಗಿ ನಿಂತಿರಲಾರ.

ಆಗ ನಗು ಬರಲಿಲ್ಲ. ಪ್ರೊಫೆಸರ್ ಹುದ್ದೆಗೆ ನನ್ನ ಫೈಲು ಅದೇ ಹೊತ್ತಿಗೆ ಮೇಲೆ ಹೋಗಿತ್ತು. ಸಂಶೋಧನೆಯಲ್ಲಿ ಆಮಿಷ ಒಡ್ಡಿದ ಆರೋಪ ಎಂದರೆ ಫೈಲು ಅಲ್ಲೇ ಮಲಗುತ್ತದೆ. ವಿಚಾರಣೆ ನವೆಂಬರಿನಲ್ಲಿ ಎಂದು ಕಾಗದ ಬಂತು. ಅಕ್ಟೋಬರಿನಲ್ಲಿ ಅನಂತರಾಮ್ ಅವರಿಗೆ ಬ್ಯಾಂಕಾಕಿಗೆ ವರ್ಗವಾಯಿತು. ಈ ದೇಶದಲ್ಲಿ ನಾನು ಇದ್ದದ್ದೇ ಅವರ ಹೆಸರಿನ ಮೇಲೆ. ನನ್ನ ಪಾಸ್‌ಪೋರ್ಟಿನಲ್ಲಿ ಅಷ್ಟು ವರ್ಷವೂ ಬಿದ್ದ ಮೊಹರು "ಡಿಪೆಂಡೆಂಟ್". ಹುದ್ದೆ ಸಿಕ್ಕರೆ ನನ್ನ ಹೆಸರಿನಲ್ಲೇ ಪರ್ಮಿಟ್ ಸಿಗುತ್ತದೆ, ಉಳಿಯಬಹುದು. ತಪ್ಪಿದರೆ ಮತ್ತೆ ಟ್ರಂಕು ಕಟ್ಟಬೇಕು, ಐವತ್ತನೆಯ ವಯಸ್ಸಿನಲ್ಲಿ ಬ್ಯಾಂಕಾಕಿನಲ್ಲಿ ಯಾರ ಬಾಗಿಲಿಗೋ ಹೋಗಿ ಪಾರ್ಟ್‌ಟೈಮ್ ಕೇಳಬೇಕು. ಆವತ್ತು ನಿನಗೆ ಫೋನು ಮಾಡಿ ಅತ್ತೆನಲ್ಲ. ನೀನು "ಮೂರು ಸಲ ಹೋಗಿದ್ದೀಯ, ಸಾಕು. ಈ ಸಲ ಬರೋಲ್ಲ ಅಂತ ಬಾಯಿಬಿಟ್ಟು ಹೇಳು. ಹೇಳಕ್ಕೆ ಬರ್ದಿದ್ರೆ ಕನ್ನಡಿ ಮುಂದೆ ನಿಂತ್ಕೊಂಡು ಪ್ರಾಕ್ಟೀಸ್ ಮಾಡು" ಎಂದೆ. ಮಾಡಿದೆ ಕಣೇ, ಹಲ್ಲುಜ್ಜುವಾಗಲೆಲ್ಲ ಮಾಡಿದೆ.

ವಿಚಾರಣೆಯ ಅಧ್ಯಕ್ಷರು ಪ್ರೊಫೆಸರ್ ಓಮೊಲೊ, ಕಾನೂನಿನವರು, ವಯಸ್ಸಾದವರು, ನಗುವ ಅಭ್ಯಾಸವೇ ಇಲ್ಲದವರು. ನಾನು ಮಾದರಿಗೆಂದು ಒಂದು ಕಣ ತೆಗೆದುಕೊಂಡು ಹೋಗಿದ್ದೆ. ಅದನ್ನು ಬಿಡಿಸಿ, ಹಿಂದೆ ಮುಂದೆ ನೋಡಿ, ಕೇಳಿದರು.

"ಇದರಲ್ಲಿ ಏನು ಹೊಲಿಸ್ತೀರಿ?"

"ರವಿಕೆ ಹೊಲಿಸಬಹುದು ಸರ್. ಆದರೆ ಯಾರೂ ಹೊಲಿಸಲ್ಲ."

"ಮತ್ತೆ ಏನು ಮಾಡ್ತೀರಿ?"

"ಇನ್ನೊಬ್ಬರಿಗೆ ಕೊಡ್ತೀವಿ."

"ಅವರು?"

"ಅವರೂ ಇನ್ನೊಬ್ಬರಿಗೆ ಕೊಡ್ತಾರೆ."

"ಕೊನೆಗೆ ಯಾರಿಗೆ ಸೇರುತ್ತೆ?"

"ಕೊನೆ ಅಂತ ಇಲ್ಲ ಸರ್."

ಓಮೊಲೊ ಕನ್ನಡಕ ತೆಗೆದರು. "ಡಾಕ್ಟರ್ ತಾರಾ, ನಿಮ್ಮ ದೇಶದಲ್ಲಿ ನೂರು ಕೋಟಿ ಜನ ಇದ್ದಾರೆ. ಯಾರೂ ಉಪಯೋಗಿಸದ ಬಟ್ಟೆಯನ್ನು ಸುಮ್ಮನೆ ಸುತ್ತು ಹಾಕಿಸ್ತಿದ್ದೀರಾ?" ಎಂದರು. ನಾನು ಹೌದು ಎಂದೆ. ಇನ್ನೇನು ಹೇಳಲಿ? ಈ ಹಸಿರು ಕಣ ನನಗೆ ಬಂದದ್ದು ದಾವಣಗೆರೆಯಲ್ಲಿ ನನ್ನ ಗೆಳತಿ ಅನುರಾಧಾಳ ಮನೆ ಗೃಹಪ್ರವೇಶದಲ್ಲಿ, ಅವಳಿಗೆ ಯಾರು ಕೊಟ್ಟರೋ ತಿಳಿಯದು ಎಂದೆ. ಅದನ್ನೂ ಬರೆದುಕೊಂಡರು. ನಿನ್ನ ಹೆಸರು ನೈರೋಬಿಯ ನಡಾವಳಿಯಲ್ಲಿ ಶಾಶ್ವತವಾಗಿ ಸೇರಿದೆ, ಮೊಮ್ಮಕ್ಕಳಿಗೆ ಹೇಳಿಕೋ.

ಸಾಕ್ಷಿಗೆ ಜೋಸೆಫಿನ್ ಬಂದಿದ್ದರು. ಬಟ್ಟೆ ಕೊಟ್ಟಿದ್ದರಿಂದ ನೀವು ಡಾಕ್ಟರ್ ತಾರಾ ಮೆಚ್ಚುವ ಹಾಗೆ ಉತ್ತರ ಕೊಟ್ಟಿರಾ ಎಂದು ಓಮೊಲೊ ಕೇಳಿದರು. ಆಕೆ ಆ ಕಣವನ್ನು ತೆಗೆದುಕೊಂಡು ತನ್ನ ತೋಳಿಗೆ ಸುತ್ತಿ ತೋರಿಸಿದರು. "ನೋಡಿ, ಇದು ನನ್ನ ಒಂದು ತೋಳಿಗೂ ಸಾಲದು. ಇಷ್ಟಕ್ಕೆ ನನ್ನ ಮಾತು ಮಾರಿದೆ ಅಂದ್ರೆ ನನಗೆ ಅವಮಾನ. ಮಾತೆಲ್ಲ ಮುಗಿದು ಎದ್ದ ಮೇಲೆ ಕೊಟ್ಟರು. ಮನೆಗೆ ಬಂದವರನ್ನ ಬರಿಗೈಲಿ ಕಳಿಸಬಾರದು ಅಂತ ನಮ್ಮಲ್ಲೂ ಇದೆ. ಅವರು ನಮ್ಮನ್ನೇ ಅತಿಥಿ ಮಾಡಿಬಿಟ್ಟರು, ಅಷ್ಟೇ" ಎಂದರು. ಹಿಂದೆ ಕೂತಿದ್ದವರು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಕಡೆಗೆ ಓಮೊಲೊ ಕೂಡ. ಆರೋಪದಲ್ಲಿ ಹುರುಳಿಲ್ಲ ಎಂದು ತೀರ್ಮಾನವಾಯಿತು. ಇನ್ನು ಮುಂದೆ ಕ್ಷೇತ್ರಕಾರ್ಯಕ್ಕೆ ಯಾವುದೇ ಅಳತೆಯ ಬಟ್ಟೆ ಒಯ್ಯಕೂಡದು ಎಂದು ಎಚ್ಚರಿಕೆಯನ್ನೂ ಕೊಟ್ಟರು. ನಾನು ಹೊರಗೆ ಬಂದು ಜಕರಾಂಡ ಮರದ ಕೆಳಗೆ ನಿಂತು, ಜೋಸೆಫಿನ್ ಕೈ ಹಿಡಿದುಕೊಂಡು, ಮೂಗು ಸುರಿಯುವ ಹಾಗೆ ಅತ್ತೆ. ಎಷ್ಟು ಹೆದರಿದ್ದೆ ಎಂದು ಆಗಲೇ ನನಗೂ ತಿಳಿದದ್ದು.

ಅನಂತರಾಮ್ ಜನವರಿಯಲ್ಲಿ ಬ್ಯಾಂಕಾಕಿಗೆ ಹೋದರು. ನಾನೂ ಪ್ರಾರ್ಥನಾಳೂ ಉಳಿದೆವು. ಜಗಳವಿಲ್ಲ, ಮುನಿಸಿಲ್ಲ; ಭಾನುವಾರ ತಪ್ಪದೆ ವಿಡಿಯೋ ಕಾಲ್ ಮಾಡುತ್ತಾರೆ. ಲೊರೆಶೋದಲ್ಲಿ ಸಂಸ್ಥೆ ಕೊಟ್ಟಿದ್ದ ತೋಟದ ಮನೆ ಬಿಟ್ಟು ಕಿಲೆಲೆಶ್ವಾದಲ್ಲಿ ಎರಡು ರೂಮಿನ ಫ್ಲಾಟು ಹಿಡಿದಿದ್ದೇವೆ. ಹುದ್ದೆಯ ಆದೇಶ ಮಾರ್ಚಿನಲ್ಲಿ ಬಂತು. ಮೇ ತಿಂಗಳಲ್ಲಿ ನನ್ನ ಪರ್ಮಿಟ್ ಬಂತು, ನನ್ನದೇ ಹೆಸರು, ನನ್ನದೇ ಕೆಲಸ. ಇಮಿಗ್ರೇಷನ್ ಕಚೇರಿಯ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ಕೊಡುತ್ತ "ಹೊಂಗೆರಾ, ಮಾಮಾ" ಎಂದು ಅಭಿನಂದಿಸಿದಳು, ಮಾಮಾ ಎಂದರೆ ಇಲ್ಲಿ ಅಮ್ಮ. "ಅಸಾಂಟೆ, ಅಸಾಂಟೆ" ಎಂದು ಅವಳು ಸಾಕೆನ್ನುವವರೆಗೆ ಥ್ಯಾಂಕ್ಸ್ ಹೇಳಿದೆ. ಪ್ರಾರ್ಥನಾ ಹೊರಗೆ ಬಂದು "ಅಮ್ಮಾ, ಯು ಆರ್ ಸೋ ಎಂಬ್ಯಾರಸಿಂಗ್" ಎಂದಳು. ಆದರೆ ದಾರಿಯುದ್ದಕ್ಕೂ ಪಾಸ್‌ಪೋರ್ಟನ್ನು ಅವಳೇ ಹಿಡಿದುಕೊಂಡಿದ್ದಳು, ನಾನು ಕಳೆದುಬಿಡುತ್ತೇನೆಂದು.

ಗುರುವಾರದ ಸಂಗತಿ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಮೈಸೂರು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಕೆಂಪು ಗೌನು, ತಲೆಯ ಮೇಲೆ ಜಾರುವ ಟೋಪಿ. ಕನ್ನಡಿಯಲ್ಲಿ ನೋಡಿಕೊಂಡರೆ ಯಾವುದೋ ನಾಟಕದ ಮಂತ್ರಿಯ ವೇಷ. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಂಗಾತಿಗೆಂದು ಕಾದಿರಿಸಿದ ಕುರ್ಚಿ ಖಾಲಿ ಕಾಣಬಾರದೆಂದು ಗ್ರೇಸ್ ಅಲ್ಲಿ ಡಾಕ್ಟರ್ ವಿಶ್ವನಾಥ್ ಅವರನ್ನು ಕೂರಿಸಿದ್ದಳು. ಫೋಟೋದವನು ಅವರನ್ನೇ ನನ್ನ ಗಂಡನೆಂದು ತಿಳಿದು ಹತ್ತಾರು ಪಟ ತೆಗೆದ. ಅವರ ಹೆಂಡತಿ "ಮನೆಗೆ ಯಾರ ಜೊತೆ ಹೋಗ್ತೀರೋ ಈಗಲೇ ಹೇಳಿಬಿಡಿ" ಎಂದು ಕಾಡಿದರು.

ಉಪಕುಲಪತಿಗಳು ಗ್ರೇಸ್‌ಗೆ ನಾನು ಕೊಟ್ಟ ಪುಟವನ್ನು ಓದಿದರು. ಆಮೇಲೆ ನಾನು ನಿಂತೆ. ಜಾರುತ್ತಿದ್ದ ಟೋಪಿಯನ್ನು ಮೇಲೆ ತಳ್ಳಿಕೊಂಡೆ. ಆಮೇಲೆ ಅಪ್ಪನ ಅರಗು, ಕಾಫಿ ಸೋಸುತ್ತಿದ್ದ ಪಂಚಾಯಿತಿ ಸದಸ್ಯೆ, ಮಾವಿನ ಮರದ ಕೆಳಗಿನ ಹೆಂಗಸರು, ಎಲ್ಲರ ಕಥೆ ತಾನಾಗಿ ಬಂತು. ಮೊದಲ ವರ್ಷ ಬಾಗಿಲ ಹತ್ತಿರ ಕೂತವಳು ಮೂರನೆಯ ವರ್ಷ ಬಜೆಟ್ಟಿನ ಪುಟ ತಿರುಗಿಸಿ "ಈ ಬೋರ್‌ವೆಲ್ ಎಲ್ಲಿದೆ, ತೋರಿಸಿ" ಎಂದು ಕೇಳುವುದನ್ನು ನಾನು ಎರಡು ದೇಶದಲ್ಲಿ ಕಣ್ಣಾರೆ ಕಂಡಿದ್ದೇನೆ, ಅಲಂಕಾರಕ್ಕೆಂದು ತಂದು ಕೂರಿಸಿದವರು ಎಚ್ಚರವಾಗಿರಿ ಎಂದೆ. ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದು ನನಗೆ ಗೊತ್ತಿಲ್ಲ, ಟೋಪಿ ಹಿಡಿದುಕೊಳ್ಳುವುದರಲ್ಲಿದ್ದೆ.

ಉಪನ್ಯಾಸ ಮುಗಿದ ಮೇಲೆ ಬೆಳ್ಳಿಯ ದಂಡ ಹಿಡಿದವನ ಹಿಂದೆ ಎಲ್ಲರೂ ಗಂಭೀರವಾಗಿ ಸಾಲಾಗಿ ಹೊರಗೆ ನಡೆಯಬೇಕು, ಅದು ಪದ್ಧತಿ. ದಂಡದವನು ಒಂದು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಹಿಂದಿನ ಸಾಲಿನಿಂದ ಉಲುಲು ಎಂದು ಹೆಂಗಸರ ಕೂಗು ಎದ್ದಿತು. ಜೋಸೆಫಿನ್! ಅವರ ಹಿಂದೆ ಮಾವಿನ ಮರದ ಕೆಳಗಿನ ಬಳಗವೆಲ್ಲ. ಬೆಳಗಿನ ಜಾವ ಮಟಾಟು ಹಿಡಿದು ಬಂದಿದ್ದರು, ನನಗೆ ಸುಳಿವೇ ಕೊಟ್ಟಿರಲಿಲ್ಲ. ಹಾಡುತ್ತ, ಭುಜ ಕುಣಿಸುತ್ತ ವೇದಿಕೆ ಹತ್ತಿ, ಕೆಂಪು ಗೌನಿನ ಮೇಲೆಯೇ ಹಳದಿ ಹೂವಿನ ಲೆಸೊ ಸುತ್ತಿ ಸೊಂಟದಲ್ಲಿ ಗಂಟು ಹಾಕಿದರು. ದಂಡದವನು ಉಪಕುಲಪತಿಗಳ ಮುಖ ನೋಡಿದ. ಅವರು ಆಗಲೇ ತಾಳ ಹಾಕುತ್ತಿದ್ದರು. ಸಭೆಯ ನಡುವಿನಿಂದ ಓಮೊಲೊ ಎದ್ದು ನಿಂತು "ಪ್ರೊಫೆಸರ್, ಇದು ಆಮಿಷ ಅಲ್ಲ ತಾನೆ?" ಎಂದು ಕೂಗಿದರು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು.

ನಾನು ಕುಣಿದೆ ಅನು. ಹಾಸ್ಟೆಲ್ ಡೇ ದಿನ ನೀನು ಎಷ್ಟು ಎಳೆದರೂ ಕುಣಿಯದವಳು ಮೊನ್ನೆ ಟೋಪಿ ಬಿಸಾಕಿ ಬಾಗಿಲವರೆಗೂ ಕುಣಿದೆ. ಪ್ರಾರ್ಥನಾ ಮೊಬೈಲಿನಲ್ಲಿ ಹಿಡಿಯುತ್ತ ಅಳುತ್ತಿದ್ದಳು. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಆವತ್ತು ನನ್ನನ್ನು ತಬ್ಬಿಕೊಂಡು "ಅಮ್ಮಾ, ಎಷ್ಟು ಚೆನ್ನಾಗಿತ್ತು" ಎಂದಳು. ಸಂಜೆ ಅನಂತರಾಮ್ ಕಳಿಸಿದ ಗುಲಾಬಿಯ ಗುಚ್ಛವೂ ಬಂತು, "ಪ್ರೊಫೆಸರ್ ತಾರಾ ಅವರಿಗೆ" ಎಂದು ಚೀಟಿ ಇತ್ತು. ಹೂವು ಇನ್ನೂ ಬಾಡಿಲ್ಲ.

ವೈಯಕ್ತಿಕ ಜೀವನದ ಜಾಗದಲ್ಲಿ ಏನು ಬರೆದೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಮೂರು ಸಲ ಬರೆದು ಹೊಡೆದುಹಾಕಿ, "ಪತಿ ಬ್ಯಾಂಕಾಕಿನಲ್ಲಿ, ಪ್ರೊಫೆಸರ್ ನೈರೋಬಿಯಲ್ಲಿ, ಇಬ್ಬರ ಸ್ವಾಹಿಲಿಯನ್ನೂ ತಿದ್ದುವ ಮಗಳು ಒಬ್ಬಳು" ಎಂದು ಕೊಟ್ಟೆ. ಗ್ರೇಸ್ ಓದಿ, ಚೆನ್ನಾಗಿದೆ, ಸಾಕು ಎಂದಳು.

ರಮೇಶ್ ಅವರಿಗೆ ನನ್ನ ನಮಸ್ಕಾರ ತಿಳಿಸು; ಅವರ ಮಂಡಿನೋವಿಗೆ ವಿಶ್ವನಾಥ್ ಹತ್ತಿರ ಒಂದು ಮುಲಾಮು ಕಳಿಸಿದ್ದೇನೆ. ಚಿನ್ಮಯಿ ಎಂ.ಎ.ಗೆ ನಮ್ಮ ರಾಜ್ಯಶಾಸ್ತ್ರವನ್ನೇ ಆರಿಸಿಕೊಂಡಳೆಂದು ಕೇಳಿ ಹಿಗ್ಗಿ ಹೋದೆ. ನೂರು ಕಾಲ ಬಾಳಲಿ, ಹೋದ ಕಡೆಯಲ್ಲೆಲ್ಲ ಅವಳ ಮಾತು ನಡೆಯಲಿ, ದೊಡ್ಡಮ್ಮನ ಆಶೀರ್ವಾದ ಎಂದು ಹೇಳು. ನಿನಗೆ ಬೆನ್ನಿನ ಮೇಲೆ ಒಂದು ಗುದ್ದು ಮತ್ತು ತುಂಬಾ ಪ್ರೀತಿ.

ನಿನ್ನ
ತಾರಾ
(ಉತ್ತರ ಬರೆಯುವಾಗ ಲಕೋಟೆಯ ಮೇಲೆ "ಪ್ರೊಫೆಸರ್" ಎಂದು ದಪ್ಪ ಅಕ್ಷರದಲ್ಲಿ ಬರೆಯತಕ್ಕದ್ದು.)

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ನಿನ್ನ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ, ಇಷ್ಟು ಪುಟ ಬರೆದೂ ನಾನು ಅದನ್ನೇ ಬಿಟ್ಟಿದ್ದೇನೆ. ಬರೋಲ್ಲ ಅಂದಾಗ ಅನಂತರಾಮ್ ಏನಂದ್ರು ಎಂದು ಕೇಳಿದ್ದೆ. ನಾನು ಬರೋಲ್ಲ ಎನ್ನಲೇ ಇಲ್ಲ ಅನು. ಕಠ್ಮಂಡುವಿಗೆ, ಲುಸಾಕಾಕ್ಕೆ, ಇಲ್ಲಿಗೆ, ಪ್ರತಿ ಸಲ ಹೊರಡುವ ಮೊದಲು ಅವರು ಎದುರಿಗೆ ಕೂತು "ಬರ್ತೀಯಲ್ಲ, ತಾರಾ?" ಎಂದು ಕೇಳುತ್ತಿದ್ದರು. ಈ ಸಲ ವರ್ಗದ ಆದೇಶ ಬಂದ ದಿನ ಶೂ ಬಿಚ್ಚುತ್ತ "ಒಬ್ಬರಿಗಾಗೋಷ್ಟು ಫ್ಲಾಟ್ ಸಾಕು ಅಂತ ಬರೆದುಬಿಟ್ಟಿದೀನಿ" ಎಂದರು, ಅಷ್ಟೇ. ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಜನವರಿಯವರೆಗೂ ಕಾದೆ. ಏರ್‌ಪೋರ್ಟಿನಲ್ಲಿ ಒಳಗೆ ಹೋಗುತ್ತ ಒಂದು ಸಲ ತಿರುಗಿ ನಿಂತರು. ಈಗ ಕೇಳುತ್ತಾರೆ ಎಂದುಕೊಂಡೆ. "ಗ್ಯಾಸ್ ಮುಗಿಯೋಕೆ ಮುಂಚೆನೇ ಫೋನ್ ಮಾಡ್ಬಿಡು" ಎಂದು ಹೇಳಿ ಹೋದರು. ನನ್ನ ಉತ್ತರ ಮೊದಲೇ ಗೊತ್ತಿತ್ತೋ, ನಾನು ಬರುವುದೇ ಬೇಡವಾಗಿತ್ತೋ, ತಿಳಿದುಕೊಳ್ಳಲು ನನಗೆ ಧೈರ್ಯವಿಲ್ಲ. ಕೇಳಿದ್ದರೆ ಬರೋಲ್ಲ ಎಂದೇ ಹೇಳುತ್ತಿದ್ದೆ, ನಿನ್ನಾಣೆ. ಆದರೂ ಕೇಳಬೇಕಿತ್ತು ಕಣೇ.